ಕಿವಿಯಿಲ್ಲದ ಡಬ್ಬಿಗಳ ಮೇಡಂ

ಚನ್ನಪಟ್ಟಣದಲ್ಲಿ ನಡೆದ ಸಂತಾಪ ಸಭೆಯಲ್ಲಿ ಅವರನ್ನು ಮೃದುಭಾಷಿ ಎಂದರು. ಮಾತೃಹೃದಯಿ ಎಂದರು. ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದರು ಎಂದು, ಅವರೊಡನೆ ಒಂದೇ ಪಾಲಿಟೆಕ್ನಿಕ್ಕಿನಲ್ಲಿ ಕೆಲಸ ಮಾಡಿದ್ದ ಮಹನೀಯರೊಬ್ಬರು ಮೈಕಿನ ಮುಂದೆ ನಿಂತು ಹೇಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬದುಕಿದ್ದಾಗ ಆ ಹೆಂಗಸಿಗೆ ಸಲ್ಲಬೇಕಾಗಿದ್ದ ವಿಭಾಗ ಮುಖ್ಯಸ್ಥರ ಕುರ್ಚಿಯನ್ನು ಕೊಡದವರು, ಸತ್ತ ಮೇಲೆ ಅವರದಲ್ಲದ ಗುಣಗಳನ್ನೆಲ್ಲ ಧಾರಾಳವಾಗಿ ಕೊಡುತ್ತಾರೆ. ಇದೂ ಒಂದು ಅನ್ಯಾಯವೇ. ಸತ್ತವರು ಎದ್ದು ಬಂದು ಆಕ್ಷೇಪಿಸುವುದಿಲ್ಲವೆಂಬ ಧೈರ್ಯದಲ್ಲಿ ಮಾಡುವ ಅನ್ಯಾಯ.

ನಾನು ಕಂಡ ಮೇಡಂ ಯಾರ ಮಾತನ್ನೂ ತಾಳ್ಮೆಯಿಂದ ಕೇಳಿಸಿಕೊಂಡವರಲ್ಲ. ಮೃದುವಾಗಿ ಮಾತಾಡಿದವರೂ ಅಲ್ಲ. ಹೋರಾಟವೆಂಬ ಈ ಕೆಲಸಕ್ಕೆ ಇಳಿದ ಮೇಲೆ ನಾನು ಬಗೆಬಗೆಯ ಜನರೊಡನೆ ದುಡಿದಿದ್ದೇನೆ. ಅವರಷ್ಟು ನನ್ನ ಸಹನೆಯನ್ನು ತಿಂದವರು ಇನ್ನೊಬ್ಬರಿಲ್ಲ.

ಅವರ ಫೋನನ್ನೇ ತೆಗೆದುಕೊಳ್ಳಿ. ಗಂಟೆ ಬಾರಿಸುತ್ತದೆ, ಎತ್ತುತ್ತೇನೆ, "ಗುರುವಾರ ಬೆಳಿಗ್ಗೆ ಬಸ್ಸಿಗೆ ಬರ್ತೀನಿ" ಎಂಬ ಒಂದು ವಾಕ್ಯ ಕೇಳಿಸುತ್ತದೆ, ಫೋನು ಕಟ್ಟಾಗುತ್ತದೆ. ಹಲೋ ಇಲ್ಲ, ಹೇಗಿದ್ದೀರಿ ಇಲ್ಲ. ಒಂದಷ್ಟು ಹೊತ್ತಾದ ಮೇಲೆ ಮತ್ತೆ ಗಂಟೆ, ಮತ್ತೆ ಅದೇ ವಾಕ್ಯ. ಊಟಕ್ಕೆ ಕೂತು ಕೈ ಕಲಸಿಕೊಂಡಿರುವಾಗ ಮೂರನೆಯ ಸಲ. ನಾನಾಗಿ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಸಂಭಾಷಣೆಗೆಂದು ಹುಟ್ಟಿದ ಸಾಧನವನ್ನು ಹೀಗೆ ಏಕಮುಖವಾಗಿ ಬಳಸುವುದು ಪ್ರಜಾಸತ್ತಾತ್ಮಕವಲ್ಲ ಎಂದು ನಾನು ಒಮ್ಮೆ ನೇರವಾಗಿಯೇ ಹೇಳಿದೆ.

"ನಾನು ಹೇಳಿದ್ದು ಕೇಳಿಸ್ತಾ?" ಎಂದರು.

"ಕೇಳಿಸಿತು. ಮೂರು ಸಲ."

"ಮತ್ತೆ?"

ಆ 'ಮತ್ತೆ?' ಎಂಬುದು ಇಂದಿಗೂ ನನ್ನನ್ನು ಕೆರಳಿಸುತ್ತದೆ.

ಅವರನ್ನು ಮೊದಲು ಕಂಡದ್ದು ಅವರ ನಿವೃತ್ತಿಯ ಮರುವರ್ಷ. ಸಾತನೂರಿನಿಂದ ಒಳಕ್ಕೆ, ಹಿಪ್ಪುನೇರಳೆ ತೋಟಗಳನ್ನು ದಾಟಿ ಹೋದರೆ ಸಿಗುವ ಒಂದು ಹಳ್ಳಿಯ ಬೆನ್ನಿಗೆ ಕಲ್ಲಿನ ಬೆಟ್ಟವಿದೆ. ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿನವರಿಗೆ ಇನ್ನೂ ಅಲ್ಲೇ ಬಾಳಬೇಕಾಗಿದೆ. ಬೆಟ್ಟದ ಆಚೆಯ ಮುಖಕ್ಕೆ ಪರವಾನಗಿ ಪಡೆದ ಕ್ವಾರಿಯೊಂದು ಈಚೆಯ ಮುಖವನ್ನು, ಅಂದರೆ ಊರಿಗೆ ಮಗ್ಗುಲಾದ ಮುಖವನ್ನು, ಸಿಡಿಸುತ್ತಿತ್ತು. ಸಿಡಿಸುವ ಮುನ್ನ ಸೈರನ್ ಊದಬೇಕೆಂಬ ನಿಯಮವಿದೆ, ಊದುತ್ತಿರಲಿಲ್ಲ. ಮದ್ದಿಗೆ ಮಿತಿಯಿದೆ, ಪಾಲಿಸುತ್ತಿರಲಿಲ್ಲ. ದೂರು ಕೊಟ್ಟರೆ ಒಂದು ಕಚೇರಿ ಇನ್ನೊಂದನ್ನು ತೋರಿಸುತ್ತಿತ್ತು. ಪರಿಶೀಲನೆಗೆ ಬರುವ ಅಧಿಕಾರಿ ಕ್ವಾರಿಯ ಜೀಪಿನಲ್ಲೇ ಬರುತ್ತಿದ್ದರು, ಅಂದು ಬೆಟ್ಟ ಮೌನವ್ರತ ಹಿಡಿದಿರುತ್ತಿತ್ತು. ಊರಿನ ಅಂಗನವಾಡಿಯ ಹಿಂದಿನ ಗೋಡೆಯಲ್ಲಿ ಮಗುವಿನ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಕಾರ್ಯಕರ್ತೆ ಶಿವಮ್ಮ ಮಕ್ಕಳನ್ನೆಲ್ಲ ಬಾಗಿಲಿನ ಕಡೆಗೆ ಒತ್ತಿ ಕೂರಿಸಿ, ಅರ್ಧ ಕೋಣೆಯನ್ನು ಖಾಲಿ ಬಿಟ್ಟು, ಪಾಠ ಹೇಳುತ್ತಿದ್ದರು.

ಕ್ವಾರಿಯ ಮೇಲ್ವಿಚಾರಕನದು ಯಾವಾಗಲೂ ಒಂದೇ ಉತ್ತರ: ಯಾರೋ ಒಂದಿಬ್ಬರು ಹೊಟ್ಟೆಯುರಿಗೆ ಹೇಳುತ್ತಾರೆ, ರಸ್ತೆಯಲ್ಲಿ ಲಾರಿ ಹೋದಾಗ ಪಾತ್ರೆ ಅಲುಗಿದ್ದನ್ನು ಬಂಡೆಯ ತಲೆಗೆ ಕಟ್ಟುತ್ತಾರೆ. ಆದ್ದರಿಂದ ನಮಗೆ ಬೇಕಾಗಿದ್ದದ್ದು ಒಂದೇ. ಒಂದು ಸಿಡಿತಕ್ಕೆ ಊರಿನ ಎಲ್ಲ ಮನೆಗಳೂ ಅಲುಗಿದವು ಎಂಬ ಸಾಕ್ಷ್ಯ, ಅಧಿಕಾರಿಯ ಕಣ್ಣೆದುರಿನಲ್ಲಿ. ಅದು ಸಿಕ್ಕದಿದ್ದರೆ ಆ ಗೋಡೆ ಒಂದು ದಿನ ಮಕ್ಕಳ ಮೇಲೆ ಕೂರುವುದನ್ನು ಕಾಯುವುದಷ್ಟೇ ಉಳಿಯುತ್ತಿತ್ತು.

ಇಷ್ಟನ್ನೂ ನಾನು ಅವರ ಮನೆಯ ಜಗಲಿಯಲ್ಲಿ ಕೂತು, ಒಂದೊಂದು ತಪ್ಪನ್ನೂ ಹೆಸರಿಸಿ, ಸವಿವರವಾಗಿ ಹೇಳಿದೆ. ಅವರು ಬೆಸುಗೆ ಹಾಕುತ್ತಿದ್ದ ತಂತಿಯಿಂದ ಕಣ್ಣೆತ್ತಲಿಲ್ಲ. ನನ್ನ ಮಾತು ಮುಗಿದ ಮೇಲೆ ಕೇಳಿದ್ದು ಎರಡೇ ಪದ:

"ಎಷ್ಟು ಮನೆ?"

"ಹದಿನಾಲ್ಕು. ಆದರೆ ಮೇಡಂ, ಪ್ರಶ್ನೆ ಬರೀ ಸಂಖ್ಯೆಯದಲ್ಲ..."

"ಹದಿನಾಲ್ಕು ಡಬ್ಬಿ ಮಾಡ್ತೀನಿ. ಕಾಫಿ ಕುಡೀತೀರಾ?"

ಡಬ್ಬಿಗಳು ಸಿದ್ಧವಾದವು. ಚನ್ನಪಟ್ಟಣದವರಲ್ಲವೇ, ಹೊರಗಿನ ಕವಚವನ್ನು ಆಟಿಕೆ ಕಡೆಯುವವರ ಕೈಯಲ್ಲಿ ಹಾಲೆ ಮರದಲ್ಲಿ ಕಡೆಸಿ, ಕೆಂಪು ಹಳದಿ ಅರಗಿನ ಬಣ್ಣ ಹತ್ತಿಸಿದ್ದರು. ನೋಡಿದರೆ ಗಿಲಕಿಯ ಹಾಗೆ. ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದರೆ, ಗೋಡೆ ಅಲುಗಿದ ಕೂಡಲೇ ಒಳಗಿನ ಪುಟ್ಟ ರೇಡಿಯೊ ಎಚ್ಚೆತ್ತು ತನ್ನ ಮನೆಯ ಗುರುತನ್ನು ಗಾಳಿಗೆ ಕೂಗುತ್ತದೆ. ಅದನ್ನು ಹಿಡಿದುಕೊಳ್ಳುವ ಯಂತ್ರ ಊರಿಗೆಲ್ಲ ಒಂದೇ. ಅದಕ್ಕೆ ಜೋಡಿಸಿದ ಹಳೆಯ ಮೊಬೈಲ್ ಪರದೆಯ ಮೇಲೆ, ಕೇಳಿಸಿದ ಮನೆಯ ಯಜಮಾನರ ಹೆಸರು ಮೂಡುತ್ತದೆ.

ನಮ್ಮ ಜಗಳ ಆರಂಭವಾದದ್ದು ಇಲ್ಲಿಂದ. ಬಂಡೆ ಸಿಡಿದರೆ ಹದಿನಾಲ್ಕು ಮನೆಗಳೂ ಒಂದೇ ಕ್ಷಣದಲ್ಲಿ ಅಲುಗುತ್ತವೆ, ಹದಿನಾಲ್ಕು ಡಬ್ಬಿಗಳೂ ಒಟ್ಟಿಗೆ ಕೂಗುತ್ತವೆ. ದನಿಗಳು ಹಾಯಲು ಗಾಳಿಯಲ್ಲಿ ಇರುವುದು ಒಂದೇ ದಾರಿ, ಆ ಗದ್ದಲದಲ್ಲಿ ಯಾರದೂ ಕೇಳಿಸದು. ನಾನು ಓದಿದ ಶಾಲೆಯಲ್ಲಿ ಮಕ್ಕಳೆಲ್ಲ ದುಂಡಗೆ ಕೂತು, ನುಣುಪಾದ ಒಂದು ಕಲ್ಲು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡುವ ಪದ್ಧತಿಯಿತ್ತು. ಗಟ್ಟಿ ದನಿಯ ಮಕ್ಕಳು ಮೆತ್ತನೆಯ ದನಿಯವರನ್ನು ತುಳಿಯದಿರಲೆಂದು ಕಂಡುಕೊಂಡಿದ್ದ ಉಪಾಯ ಅದು. ನನಗೆ ಇಂದಿಗೂ ಅದಕ್ಕಿಂತ ನ್ಯಾಯವಾದ ಏರ್ಪಾಡು ಗೊತ್ತಿಲ್ಲ. ಡಬ್ಬಿಗಳಿಗೂ ಹಾಗೆ ಸರದಿ ಕೊಡಿ ಎಂದೆ.

"ನಿಮ್ಮ ಸ್ಕೂಲಲ್ಲಿ ಎಲ್ಲರಿಗೂ ಕಿವಿ ಇತ್ತು ಕಣ್ರೀ. ಕಲ್ಲು ಯಾರ ಕೈಲೈತೆ ಅಂತ ಕಣ್ಣಿಗೆ ಕಾಣ್ತಿತ್ತು. ಇವಕ್ಕೆ ಬಾಯಿ ಐತೆ, ಕಿವಿ ಇಲ್ಲ. ಪಕ್ಕದ ಮನೇದು ಮಾತಾಡ್ತಾ ಐತಾ ಇಲ್ವಾ ಅನ್ನೋದೇ ತಿಳಿಯಲ್ಲ."

"ಹಾಗಾದರೆ ಕಿವಿಯನ್ನೂ ಕೊಡಿ."

"ಕಿವಿ ಕೊಟ್ರೆ ಹಗಲೂ ರಾತ್ರಿ ಎಚ್ಚರವಾಗಿ ಕೂತಿರಬೇಕು. ಸೆಲ್ಲು ನಾಕು ದಿನಕ್ಕೆ ಸತ್ತೋಗ್ತದೆ. ಬರೀ ಬಾಯಿ ಆದ್ರೆ ಬೇಕಾದಾಗ ಎದ್ದು, ಒಂದು ಮಾತಂದು, ಮಲಗ್ತದೆ. ಬೇಕಿದ್ರೆ ನೀವೇ ಹದಿನಾಲ್ಕು ಮನೆಗೂ ಹೋಗಿ ಸೆಲ್ಲು ಬದಲಾಯಿಸ್ತಾ ಇರಿ."

ಸರದಿಯಿಲ್ಲದೆ, ಒಬ್ಬರಿಗೊಬ್ಬರು ಹೊಂದಿಸಿಕೊಳ್ಳದೆ, ಕಿವುಡರ ಗುಂಪೊಂದು ಹೇಗೆ ಮಾತಾಡೀತು? ಅವರ ಉತ್ತರವೇನೆಂಬುದನ್ನು ಸಂತಾಪ ಸಭೆಯಲ್ಲಿ ಒಬ್ಬರು ಚೆನ್ನಾಗಿ ಹೇಳಿದರು. ಆ ಮಧ್ಯಾಹ್ನ ವೇದಿಕೆಯಿಂದ ಬಂದ ಒಂದೇ ನಿಜವಾದ ಮಾತು ಅದು. ಹೇಳಿದವರು ಅವರ ಹಳೆಯ ವಿದ್ಯಾರ್ಥಿ, ಈಗ ಹೆದ್ದಾರಿಯ ಬದಿಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿರುವವರು.

"ಮೇಡಂ ಹಾಜರಿ ಕರೀತಿರ್ಲಿಲ್ಲ ಸಾರ್," ಎಂದು ಅವರು ಶುರುಮಾಡಿದರು. "ಪಾಠ ಮಾಡ್ತಾ ಇರೋರು. ನಾವು ಯಾವಾಗ್ ಬೇಕಾದ್ರೂ ನಮ್ಮ ನಂಬರು ಕೂಗ್ಬೇಕು. ಅವ್ರಿಗೆ ಕೇಳುಸ್ತು ಅಂದ್ರೆ ಹಾಜರ್. ಇಬ್ರು ಒಟ್ಗೆ ಕೂಗಿದ್ರೆ ಇಬ್ರೂ ಗೈರು. ಮೊದಲ್ನೇ ದಿನ ಎಲ್ರೂ ಒಂದೇ ಸಲ ಬಾಯ್ ಬುಟ್ಟೋ, ಇಡೀ ಕ್ಲಾಸು ಗೈರು. ಪ್ರಿನ್ಸಿಪಾಲ್ರು ಓಡ್ಬಂದ್ರು, ಏನ್ ಗಲಾಟೆ ಅಂತ. ಆಮೇಲ್ ಮೇಡಂ ಅಂದ್ರು: ಚಿಕ್ಕದಾಗಿ ಹೇಳಿ, ಮೂರು ಸಲ ಹೇಳಿ, ಮಧ್ಯೆ ಎಷ್ಟೊತ್ತು ಬಿಡಬೇಕು ಅನ್ನೋದು ನಿಮ್ ನಿಮ್ಗೆ ಬಿಟ್ಟಿದ್ದು, ಪಕ್ಕದೋನ್ನ ನೋಡ್ಕಂಡು ಬಿಡಬೇಡಿ. ವಾರದಲ್ಲಿ ಸರಿ ಹೋಯ್ತು. ಮೂರರಲ್ಲಿ ಒಂದಾದ್ರೂ ಒಂಟಿಯಾಗಿ ಬೀಳೋದು."

ಸಭೆ ನಕ್ಕಿತು. ನಾನು ನಗಲಿಲ್ಲ. ಈ ಕಥೆಯನ್ನು ಮೇಡಂ ಬಾಯಿಂದ ಮೊದಲೇ ಕೇಳಿದ್ದೆ, ಆಗಲೂ ನಕ್ಕಿರಲಿಲ್ಲ. ಗಟ್ಟಿಯಾಗಿ ಕೂಗುವ ಹುಡುಗನೂ ಪಿಸುಗುಡುವ ಹುಡುಗಿಯೂ ಒಟ್ಟಿಗೆ ಬಾಯಿ ತೆರೆದರೆ ಕೇಳಿಸುವುದು ಯಾರದು ಎಂದು ಕೇಳಿದ್ದೆ.

"ಹುಡುಗಂದು," ಎಂದರು ಅವರು, ಅಳುಕಿಲ್ಲದೆ.

"ಹಾಗಾದರೆ ಹೊರೆಯೆಲ್ಲ ಮೆತ್ತನೆಯ ದನಿಯವಳ ಮೇಲೆ. ನಿಮ್ಮ ಏರ್ಪಾಡು ಬಲವಿದ್ದವರ ಪರವಾಗಿದೆ, ಮೇಡಂ."

ಈ ಮಾತನ್ನು ನಾನು ತತ್ತ್ವಕ್ಕೆಂದು ಹೇಳಿದ್ದಲ್ಲ. ಹಿಡಿದುಕೊಳ್ಳುವ ಯಂತ್ರವನ್ನು ಊರಿನ ದೊಡ್ಡಮನೆಯ, ಅಂದರೆ ಮರಿಗೌಡರ ಮನೆಯ, ತಾರಸಿಯ ಮೇಲೆ ಇಟ್ಟಿದ್ದರು. ಎತ್ತರದ ಜಾಗ, ಕರೆಂಟು ಇದೆ, ಬೇರೆ ಯಾರನ್ನೂ ಕೇಳಬೇಕಾಗಿಲ್ಲ ಎಂದು. ಆದರೆ ಕುರಿ ಸಾಕುವವರ ಹಟ್ಟಿ ಊರಿನ ಇನ್ನೊಂದು ತುದಿಗೆ, ಬಂಡೆಯ ಮರೆಯಲ್ಲಿದೆ. ಅಲ್ಲಿಂದ ಹೊರಟ ದನಿ ದೊಡ್ಡಮನೆಗೆ ತಲುಪುವ ಹೊತ್ತಿಗೆ ಸೊರಗಿ, ಹತ್ತಿರದ ಗೌಡರ ಮನೆಗಳ ದನಿಯ ಕೆಳಗೆ ಸಿಕ್ಕಿ ಸಾಯುತ್ತಿತ್ತು. ಊರಿನ ರಚನೆಯಲ್ಲಿ ತಲೆಮಾರುಗಳಿಂದ ಇದ್ದ ಅನ್ಯಾಯವನ್ನು ನಾವು ಗಾಳಿಯಲ್ಲೂ ಹೊಸದಾಗಿ ಕಟ್ಟುತ್ತಿದ್ದೇವೆ ಎಂದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ಮುಂದಿನ ಸಲ ಬಂದಾಗ ಯಂತ್ರವನ್ನು ತಾರಸಿಯಿಂದ ಕಿತ್ತು ತಂದು, ಊರಿಗೂ ಹಟ್ಟಿಗೂ ನಡುವಿನ ಅಂಗನವಾಡಿಯ ಸೂರಿನ ಮೇಲೆ ಕೂರಿಸಿದರು. ನೀವು ಹೇಳಿದ್ದು ಸರಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಆಮೇಲೂ ಎಂದೂ ಬರಲಿಲ್ಲ. ಮನುಷ್ಯರಿಗೆ ಇಷ್ಟು ಜಿಪುಣತನ ಸಲ್ಲದು.

ಅವರ ಪರವಾಗಿ ಕೋಪಿಸಿಕೊಳ್ಳಲೂ ಅವರು ಬಿಡುತ್ತಿರಲಿಲ್ಲ. ವಿದ್ಯುನ್ಮಾನ ವಿಭಾಗದಲ್ಲಿ ಬಹುಕಾಲ ಅವರೊಬ್ಬರೇ ಹೆಂಗಸು. ಅವರಿಗಿಂತ ಕಿರಿಯರು ಒಬ್ಬರ ಹಿಂದೊಬ್ಬರು ಮುಖ್ಯಸ್ಥರಾದರು. ನಿವೃತ್ತಿಯಾದ ಮೇಲಾದರೂ ನ್ಯಾಯ ಸಿಗಲೆಂದು ಈ ತಾರತಮ್ಯದ ವಿರುದ್ಧ ನಾನೊಂದು ಮನವಿ ಬರೆದು ಸಹಿಗೆ ಒಯ್ದರೆ, ಅದರ ಹಿಂಬದಿಯಲ್ಲಿ ತಂತಿ ಜೋಡಣೆಯ ಚಿತ್ರ ಬರೆದು ವಾಪಸು ಕೊಟ್ಟರು. "ನನ್ನ ಕೋಪ ನಾನೇ ಪಡ್ತೀನಿ. ನಿಮಗೆ ಬೇರೆ ಎಷ್ಟೊಂದು ಐತೆ," ಎಂದರು.

ಯಂತ್ರ ಅಂಗನವಾಡಿಗೆ ಬಂದ ಮೇಲೆ ಊರಿನಲ್ಲಿ ಇನ್ನೊಂದು ವ್ಯಾಜ್ಯ ಹುಟ್ಟಿತು. ಡಬ್ಬಿಗಳೂ ಆ ವಿದ್ಯಾರ್ಥಿಗಳ ಹಾಗೆ ಮೂರು ಮೂರು ಸಲ ಕೂಗುತ್ತಿದ್ದವು, ಪ್ರತಿಯೊಂದರ ಹಿಂದೆ ಒಂದು ತಿರುಪು ಇತ್ತು. ಗೋಡೆ ಅಲುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದು ಕೂಗಬೇಕು, ಮತ್ತೆ ಎಷ್ಟು ಬಿಟ್ಟು ಕೂಗಬೇಕು ಎಂಬುದನ್ನು ಆ ತಿರುಪು ನಿರ್ಧರಿಸುತ್ತಿತ್ತು. ಮೇಡಂ ಒಂದೊಂದನ್ನೂ ಒಂದೊಂದು ಬಗೆಯಾಗಿ ತಿರುಗಿಸಿದ್ದರು. ಹೀಗಾಗಿ ಪ್ರತಿ ಸಿಡಿತಕ್ಕೂ ಪರದೆಯ ಮೇಲೆ ಹೆಸರುಗಳು ಒಂದೇ ಕ್ರಮದಲ್ಲಿ ಮೂಡುತ್ತಿದ್ದವು. ಮೊದಲು ಹಟ್ಟಿಯ ಬೀರಣ್ಣನದು, ಕೊನೆಗೆ ಮರಿಗೌಡರದು. ತಾಂಬೂಲವಿರಲಿ ತೀರ್ಥವಿರಲಿ, ಮೊದಲು ಯಾರ ಕೈಗೆ ಎಂಬುದರ ಮೇಲೆಯೇ ನಿಂತಿರುವ ಊರು ಇದನ್ನು ಸಹಿಸೀತೆ? ಪಂಚಾಯಿತಿ ಸೇರಿತು. ನಾನು ಆ ದಿನ ಬೆಂಗಳೂರಿನಲ್ಲಿ ಧರಣಿಯಲ್ಲಿದ್ದೆ. ನಡೆದದ್ದನ್ನು ಶಿವಮ್ಮ ಆಮೇಲೆ ಹೇಳಿದರು.

"ನಮ್ಮನೆ ಹೆಸ್ರು ಯಾವಾಗ್ಲೂ ಕೊನೇಲೇ ಯಾಕ್ಲಾ ಬರ್ಬೇಕು? ನಮ್ಮನೆ ಏನು ಊರಾಚೆ ಐತಾ?" ಎಂದು ಮರಿಗೌಡರು ತೊಡೆ ತಟ್ಟಿದರಂತೆ.

"ಏನ್ ಗೌಡ್ರೆ, ನಮ್ ಗ್ವಾಡೆ ಮೊದ್ಲು ಅಲ್ಲಾಡಿದ್ರೂ ಹೊಟ್ಟೆಕಿಚ್ಚಾ? ನನ್ ಬಿರುಕೂ ತಕ್ಕಂಡೋಗಿ," ಎಂದನಂತೆ ಬೀರಣ್ಣ.

ಗೌಡರನ್ನು ಮೊದಲು ಮಾಡಲು ಮಿಕ್ಕವರು ಒಪ್ಪಲಿಲ್ಲ. ಬೀರಣ್ಣ ಮೊದಲಿರಲು ಗೌಡರು ಒಪ್ಪಲಿಲ್ಲ. ಕೊನೆಗೆ ಹಿರಿಯರು ಒಂದು ರಾಜಿ ಮಾಡಿದರು: ಯಾರೂ ಮುಂದೂ ಬ್ಯಾಡ, ಯಾರೂ ಹಿಂದೂ ಬ್ಯಾಡ. ವೈರ್‌ಮನ್ ಒಬ್ಬನನ್ನು ಕರೆಸಿ, ಮನೆಮನೆಗೂ ಕಳಿಸಿ, ಹದಿನಾಲ್ಕು ತಿರುಪುಗಳನ್ನೂ ಒಂದೇ ಗೆರೆಗೆ ತಂದು ನಿಲ್ಲಿಸಿದರು. ಎಲ್ಲರಿಗೂ ಸಮಾಧಾನವಾಯಿತು.

ಮರುವಾರ ಬಂಡೆ ಸಿಡಿಯಿತು. ಶಿವಮ್ಮನ ಫೋನು ಬಂತು. "ಅಕ್ಕಾ, ಎಲ್ಲಾರ್ ಮನೇನೂ ಅಲ್ಲಾಡ್ತು. ಒಂದ್ ಮಗೀನ್ ತಲೆ ಮ್ಯಾಲೆ ಗಾರೆ ಉದುರ್ತು. ಆದ್ರೆ ಒಂದ್ ಮನೆ ಹೆಸ್ರೂ ಬರ್ನಿಲ್ಲ. ಒಂದೂ!" ಸಂಜೆಯ ಹೊತ್ತಿಗೆ ಕ್ವಾರಿಯ ಮೇಲ್ವಿಚಾರಕ ಟೀ ಅಂಗಡಿಯಲ್ಲಿ ಕೂತು, ನಿಮ್ಮ ಡಬ್ಬಿಗಳೇ ಹೇಳುತ್ತಿವೆಯಲ್ಲ, ಏನೂ ಆಗಿಲ್ಲ ಅಂತ, ಎಂದು ನಗುತ್ತಿದ್ದನಂತೆ. ಜಂಟಿ ಪರಿಶೀಲನೆಗೆ ಬರುತ್ತೇನೆಂದು ಅಧಿಕಾರಿಯೊಬ್ಬರು ಒಪ್ಪಿಕೊಂಡು ಇನ್ನೂ ವಾರವಾಗಿರಲಿಲ್ಲ.

ಮೇಡಂ ಬಸ್ಸಿಳಿದು ಬಂದರು. ಒಂದು ಡಬ್ಬಿಯ ಬೆನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮೂರನೆಯದನ್ನು ನೋಡಲಿಲ್ಲ.

"ಯಾರ್ರೀ ಇದನ್ನ ತಿರುಗಿಸಿದ್ದು?"

"ಪಂಚಾಯ್ತೀಲಿ ತೀರ್ಮಾನ ಆಯ್ತು ಮೇಡಮ್ಮೋರೆ," ಎಂದರು ಮರಿಗೌಡರು. "ಎಲ್ಲಾರ್ಗೂ ಒಂದೇ ಇರ್ಲಿ ಅಂತ."

"ಒಂದೇ ಮಾಡಿದ್ರಿ. ಹದಿನಾಲ್ಕೂ ಒಟ್ಟಿಗೆ ಬಾಯಿ ತೆಗೆದ್ವು, ಒಟ್ಟಿಗೆ ಸುಮ್ಮನಾದ್ವು, ಮತ್ತೆ ಒಟ್ಟಿಗೇ ಬಾಯಿ ತೆಗೆದ್ವು. ಮೂರು ಸಲಾನೂ ಡಿಕ್ಕಿ. ಮೂರು ಸಲ ಅಲ್ಲ, ನೂರು ಸಲ ಕೂಗಿದ್ರೂ ಡಿಕ್ಕಿ. ಬಂಡೆಯವರು ಕಾಸು ಕೊಟ್ಟು ಮಾಡಿಸಿದ್ರೂ ಇಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ."

ಸಮಾನತೆಯೆಂದರೆ ಏಕರೂಪತೆಯಲ್ಲ, ಪ್ರತಿಷ್ಠೆಯ ಜಗಳವನ್ನು ಮುಚ್ಚಿಡಲು ಮಾಡಿದ ರಾಜಿಯನ್ನು ಸಮಾನತೆಯೆಂದು ಕರೆಯುವುದು ಮೋಸ, ಎಂದು ನಾನು ಹಿರಿಯರಿಗೆ ವಿವರಿಸತೊಡಗಿದೆ. ಹೇಳಲೇಬೇಕಾಗಿದ್ದ ಮಾತದು.

"ಭಾಷಣ ಆಮೇಲೆ. ಸ್ಕ್ರೂಡ್ರೈವರ್ ಕೊಡಿ," ಎಂದರು ಮೇಡಂ.

ಅವರು ಹದಿನಾಲ್ಕು ಡಬ್ಬಿಗಳನ್ನೂ ಚೀಲಕ್ಕೆ ತುಂಬಿಕೊಂಡು ಹೋದರು. ತಿರುಗಿ ತಂದಾಗ ಬೆನ್ನಿನ ಮೇಲೆ ತಿರುಪೇ ಇರಲಿಲ್ಲ. ಎಷ್ಟು ಹೊತ್ತು ಸುಮ್ಮನಿರಬೇಕೆಂಬುದನ್ನು ಪ್ರತಿ ಸಲವೂ ಡಬ್ಬಿ ತನಗೆ ತಾನೇ, ಲೆಕ್ಕಕ್ಕೆ ಸಿಗದ ಹಾಗೆ, ಆರಿಸಿಕೊಳ್ಳುವಂತೆ ಮಾಡಿದ್ದರು. ಊರವರಿಗೆ ಹೇಳಿದ್ದು ಇಷ್ಟೇ: "ಪ್ರತಿಯೊಂದರೊಳಗೂ ಕವಡೆ ಹಾಕಿದೀನಿ ಅಂದ್ಕೊಳಿ. ಗೋಡೆ ಅಲ್ಲಾಡಿದಾಗ ಒಂದು ಸಲ ಕವಡೆ ಬಿಡ್ತದೆ. ಎಷ್ಟು ಬಿತ್ತೋ ಅಷ್ಟು ಹೊತ್ತು ಕಾಯ್ತದೆ. ಆಮೇಲೆ ಮತ್ತೆ ಬಿಡ್ತದೆ. ಯಾರದು ಮೊದಲು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಡಬ್ಬಿಗೂ ಗೊತ್ತಿಲ್ಲ."

ಅಂದ್ಕೊಳಿ ಎಂದದ್ದನ್ನು ಯಾರೂ ಅಂದುಕೊಳ್ಳಲಿಲ್ಲ. ಕವಡೆಯ ಸದ್ದು ಕೇಳಿಸುತ್ತದೆಯೇ ಎಂದು ಮನೆಮನೆಯಲ್ಲೂ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಅಂಗನವಾಡಿಯ ಪರದೆ ಎರಡು ದಿನ ಎಡೆಬಿಡದೆ ಹೆಸರು ಕಾರಿತು. ಮೇಡಂ ಪ್ರತಿ ಮನೆಗೂ ಹೋಗಿ ಬೈದು ಬಂದರು.

ನನಗೋ ಸಂತೋಷ ತಡೆಯಲಾಗಲಿಲ್ಲ. ಮೊದಲು ಯಾರು ಎಂಬ ಪ್ರಶ್ನೆಯನ್ನೇ ಅವರು ಆ ಊರಿನಿಂದ ಕಿತ್ತುಹಾಕಿದ್ದರು. ಇವತ್ತು ಬೀರಣ್ಣ ಮುಂದಾದರೆ ನಾಳೆ ಗೌಡರು, ನಾಡಿದ್ದು ವಿಧವೆ ನಿಂಗಮ್ಮ. ಶ್ರೇಣಿಯ ಬೇರಿಗೇ ಕೊಡಲಿ ಹಾಕಿದಿರಿ ಎಂದು ಅವರ ಕೈ ಹಿಡಿದುಕೊಂಡೆ.

"ನಾನು ಜಾತಿ ಬಿಡಿಸೋಕೆ ಬಂದಿಲ್ಲ ತಾಯಿ, ಡಿಕ್ಕಿ ತಪ್ಪಿಸೋಕೆ ಬಂದಿದೀನಿ," ಎಂದು ಕೈ ಬಿಡಿಸಿಕೊಂಡರು.

ಪರಿಶೀಲನೆಯ ದಿನ ಅಧಿಕಾರಿ ಸರ್ಕಾರಿ ವಾಹನದಲ್ಲೇ ಬಂದರು. ಅದಕ್ಕಾಗಿ ನಾನು ಬರೆದ ಪತ್ರಗಳ ವಿಷಯ ಇಲ್ಲಿ ಬೇಡ. ಅಂಗನವಾಡಿಯ ಮಕ್ಕಳನ್ನು ಹೊರಗೆ ಹುಣಸೆಮರದ ಕೆಳಗೆ ಕೂರಿಸಿ, ನಾವೆಲ್ಲ ಪರದೆಯ ಸುತ್ತ ಕೂತೆವು. ಎಂದಿನ ಮದ್ದನ್ನೇ ತುಂಬಿದ್ದೇವೆಂದು ಕ್ವಾರಿಯವರಿಂದ ಬರೆಸಿಕೊಂಡಿದ್ದಾಯಿತು. ಹಗಲೂಟದ ಹೊತ್ತಿಗೆ ಬಂಡೆ ಸಿಡಿಯಿತು. ನೆಲ ಕಾಲಡಿಯಲ್ಲಿ ಒಮ್ಮೆ ಜಾರಿದಂತಾಯಿತು, ಸೂರಿನಿಂದ ಮಣ್ಣು ಸುರಿಯಿತು. ಪರದೆಯ ಮೇಲೆ ನಿಂಗಮ್ಮನ ಹೆಸರು ಬಂತು. ಬೀರಣ್ಣನದು ಬಂತು. ಇನ್ನೆರಡು ಬಂದವು. ಆಮೇಲೆ ಏನೂ ಇಲ್ಲ.

"ನಾಲ್ಕು ಮನೆ ಸರ್," ಎಂದು ಮೇಲ್ವಿಚಾರಕ ಎದ್ದು ನಿಂತ. "ನಾನು ಮೊದಲಿಂದ ಹೇಳ್ತಿರೋದೇ ಇದು."

ಅಧಿಕಾರಿಯೂ ಎದ್ದರು. ಮೇಡಂ ಪರದೆಯಿಂದ ಕಣ್ಣು ಕೀಳದೆ, "ಕೂತ್ಕೊಳಿ. ಇನ್ನೂ ಮಾತು ಮುಗಿದಿಲ್ಲ," ಎಂದರು. ಹಾಗೆ ಯಾರಿಂದಲೂ ಹೇಳಿಸಿಕೊಂಡು ಅಭ್ಯಾಸವಿಲ್ಲದ್ದರಿಂದಲೋ ಏನೋ, ಆ ಮನುಷ್ಯ ಕೂತರು. ಒಂದು ಹೆಸರು ಬಂತು. ತುಸು ಬಿಟ್ಟು ಜೋಡಿಯಾಗಿ ಎರಡು. ಹಿಂದೆ ಬಂದಿದ್ದವೇ ಒಂದೆರಡು ಮತ್ತೆ ಬಂದವು. ಸಂತೆಯಿಂದ ಮನೆಗೆ ಮರಳುವವರ ಹಾಗೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಹೆಸರುಗಳು ಬರುತ್ತಲೇ ಹೋದವು. ಅಧಿಕಾರಿ ಬರೆದುಕೊಳ್ಳತೊಡಗಿದರು. ಕಡೆಗೆ ಒಂದೇ ಮನೆ ಉಳಿಯಿತು, ದೊಡ್ಡಮನೆ. ಕಾದೆವು. ಅದು ಬರಲಿಲ್ಲ.

"ಸಾಕು ಸರ್. ಇಡೀ ಊರು ಅಲುಗಿದೆ ಎಂದು ಬರೆದುಕೊಳ್ಳಿ," ಎಂದೆ ನಾನು. ಅಧಿಕಾರಿ ತಲೆಯಾಡಿಸಿದರು. ಲೇಖನಿ ಕಾಗದಕ್ಕೆ ತಗುಲಿತ್ತು.

"ಒಂದು ಮನೆ ಬಂದಿಲ್ಲ," ಎಂದರು ಮೇಡಂ. "ಅದನ್ನೂ ಬರ್ಕೊಳಿ."

ಆ ಕ್ಷಣದಲ್ಲಿ ನನಗೆ ಬಂದ ಸಿಟ್ಟನ್ನು ನಾನು ಇಂದಿಗೂ ನುಂಗಿಕೊಂಡಿಲ್ಲ. ಎದುರು ಪಕ್ಷದವರಿಗೆ ಯಾವ ಪ್ರಾಮಾಣಿಕತೆಯೂ ಇಲ್ಲದ ಹೋರಾಟದಲ್ಲಿ, ಅವರು ಕೇಳದೆಯೇ ಅವರ ಕೈಗೆ ಕಲ್ಲು ಕೊಡುವುದು ಎಂಥ ನ್ಯಾಯ? ಮೇಲ್ವಿಚಾರಕ ಆ ಕಲ್ಲನ್ನು ಎತ್ತಿಕೊಂಡೇಬಿಟ್ಟ. "ಸರ್, ಬೆಟ್ಟಕ್ಕೆ ಎಲ್ಲರಿಗಿಂತ ಹತ್ತಿರ ಇರೋದೇ ಗೌಡ್ರ ಮನೆ. ಅದೇ ಅಲ್ಲಾಡಿಲ್ಲ ಅಂದ್ರೆ ಮಿಕ್ಕಿದ್ದೆಲ್ಲ ಸುಳ್ಳು ಅಲ್ವಾ? ಡಬ್ಬಿ ಅಲ್ಲಾಡ್ಸೋ ಅಭ್ಯಾಸ ಈ ಊರೋರಿಗೆ ಐತೆ, ಎಲ್ರಿಗೂ ಗೊತ್ತು."

"ಕೇಳಿಸ್ಲಿಲ್ಲ ಅಂತ ಬರ್ಕೊಳಿ. ಅಲ್ಲಾಡ್ಲಿಲ್ಲ ಅಂತ ಬರೀಬೇಡಿ," ಎಂದರು ಮೇಡಂ. "ಡಬ್ಬಿಗೆ ಕಿವಿ ಇಲ್ಲ, ಇಲ್ಲಿಂದ ಕೂಗಿ ಕೇಳೋಕಾಗಲ್ಲ. ಎದ್ದು ಹೋಗಿ ನೋಡ್ಬೇಕು."

ಎಲ್ಲರೂ ದೊಡ್ಡಮನೆಯ ಕಡೆ ಇಪ್ಪತ್ತು ಹೆಜ್ಜೆ ಹಾಕಿರಲಿಲ್ಲ, ಮರಿಗೌಡರು ನಮ್ಮನ್ನು ದಾಟಿ ಓಡಿ ಹೋಗಿ ತಮ್ಮ ಬಾಗಿಲಿಗೆ ಅಡ್ಡ ನಿಂತರು. ಅವರ ಟ್ರ್ಯಾಕ್ಟರುಗಳು ಕ್ವಾರಿಯಲ್ಲಿ ಬಾಡಿಗೆಗೆ ಓಡುತ್ತಿದ್ದವೆಂಬುದನ್ನು ಇಲ್ಲಿ ಹೇಳಲೇಬೇಕು. ಬಂಡೆಯಿಂದ ಊರಿಗೆ ಕೇಡಿಲ್ಲವೆಂದು ಕ್ವಾರಿಯವರ ಪರವಾಗಿ ಹಿಂದೊಮ್ಮೆ ಹೇಳಿಕೆ ಕೊಟ್ಟವರೂ ಅವರೇ.

"ನಮ್ಮನೇಲಿ ಏನೂ ಆಗಿಲ್ಲ ಸಾಮಿ. ಒಳ್ಗೆ ಹೆಣ್ಮಕ್ಕಳವ್ರೆ, ಇನ್ನೊಂದಿನ ಬನ್ನಿ."

ಡಬ್ಬಿ ಜಗಲಿಯ ಗೋಡೆಯ ಮೇಲೇ ಇತ್ತು. ಮೇಡಂ ಅದನ್ನು ಇಳಿಸಿ ಹಿಂದಿನ ಮುಚ್ಚಳ ತೆಗೆದರು. ಒಳಗೆ ಸೆಲ್ಲುಗಳಿರಲಿಲ್ಲ.

"ಸೆಲ್ಲು ಎಲ್ಲಿ?"

ಗೌಡರ ಬೆನ್ನ ಹಿಂದೆ, ಹೊಸ್ತಿಲ ಒಳಗೆ ನಿಂತಿದ್ದ ಹೆಂಡತಿ ಪುಟ್ಟತಾಯಮ್ಮ ಹೇಳಿದರು: "ಟಿವಿ ರಿಮೋಟಿಗೆ ಹಾಕವ್ರೆ."

ಮೇಲ್ವಿಚಾರಕ ಕಿಸಕ್ಕನೆ ನಕ್ಕ. ಡಬ್ಬಿ ಸತ್ತಿತ್ತೆಂಬುದು ಗೊತ್ತಾಯಿತು, ಮನೆ ಅಲುಗಿತೋ ಇಲ್ಲವೋ ಎಂಬುದು ಗೊತ್ತಾಗಲಿಲ್ಲ. ಮನೆಯವರು ಬೇಡವೆಂದರೆ ಒಳಗೆ ಕಾಲಿಡುವ ಅಧಿಕಾರ ತಮಗಿಲ್ಲ ಎಂದು ಅಧಿಕಾರಿ ಪುಸ್ತಕ ಮುಚ್ಚಿದರು. ಯಜಮಾನರ ಹೇಳಿಕೆಯನ್ನೇ ದಾಖಲಿಸುತ್ತೇನೆ ಎಂದರು. ಮನೆಯೆಂದರೆ ಯಜಮಾನ, ಯಜಮಾನನೆಂದರೆ ಗಂಡಸು ಎಂಬ ಈ ಆಡಳಿತದ ಕುರುಡನ್ನು ಪ್ರಶ್ನಿಸಲು ನಾನು ಬಾಯಿ ತೆರೆದೆ. ಮೇಡಂ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. ಅವರು ಪುಟ್ಟತಾಯಮ್ಮನ ತಲೆಯನ್ನು ನೋಡುತ್ತಿದ್ದರು. ಆ ಹೆಂಗಸಿನ ಎಣ್ಣೆ ಹಚ್ಚಿದ ಕೂದಲ ತುಂಬ ಆಗತಾನೇ ಉದುರಿದ ಸುಣ್ಣದ ಗಾರೆ ಅಂಟಿಕೊಂಡಿತ್ತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಊರಿನ ಕಡೆಯ ಮುಖದಲ್ಲಿ ಸಿಡಿಸುವುದಕ್ಕೆ ತಡೆ ಬಂತು, ಇಂದಿಗೂ ಇದೆ. ಅಂಗನವಾಡಿಯ ಹಿಂಗೋಡೆಯನ್ನು ಕೆಡವಿ ಕಟ್ಟಿದರು. ಬೆಟ್ಟದ ಆಚೆ ಮುಖದಲ್ಲಿ ಸೈರನ್ ಇಲ್ಲದೆ ಸಿಡಿಸುವುದು ನಡೆದೇ ಇದೆ, ಅದರ ವಿರುದ್ಧ ನನ್ನ ದೂರು ಕಚೇರಿಯಿಂದ ಕಚೇರಿಗೆ ತಿರುಗುತ್ತಲೇ ಇದೆ. ತಡೆಯ ಆದೇಶದಲ್ಲಿ ಡಬ್ಬಿಗಳ ಪ್ರಸ್ತಾಪ ಒಂದು ಸಾಲಿನಷ್ಟಿದೆ. ಮಿಕ್ಕದ್ದೆಲ್ಲ ದೊಡ್ಡಮನೆಯ ನಡುಮನೆಯಲ್ಲಿ, ಬೀರುವನ್ನು ಸರಿಸಿದಾಗ ಅದರ ಹಿಂದೆ ಕಂಡ, ನೆಲದಿಂದ ತೊಲೆಯವರೆಗೆ ಸೀಳಿದ ಗೋಡೆಯ ವಿಷಯ. ಆ ಒಂದು ಮನೆ ಕೇಳಿಸಲಿಲ್ಲವೆಂದು ಮೇಡಂ ಹೇಳಿರದಿದ್ದರೆ ನಾವು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಇದನ್ನು ಒಪ್ಪಿಕೊಳ್ಳುತ್ತೇನೆ. ಆದರೂ, ಹೋದಾಗ ಅಲ್ಲಿ ಏನಿರುತ್ತದೆಂದು ಅವರಿಗೇನು ಗೊತ್ತಿತ್ತು? ಗೋಡೆ ನೆಟ್ಟಗಿದ್ದಿದ್ದರೆ? ಅವರನ್ನು ಕೇಳಿದ್ದೆ. "ನೆಟ್ಟಗಿದ್ರೆ ನೆಟ್ಟಗೈತೆ ಅಂತ ಬರೆಯೋದು," ಎಂದಿದ್ದರು. ಇಂಥವರ ಜೊತೆ ಹೋರಾಟ ಕಟ್ಟುವುದು ಹೇಗೆ?

ಆ ಬಾಗಿಲಿಗೆ ಮರಳುತ್ತೇನೆ. ಅಧಿಕಾರಿ ಮೆಟ್ಟಿಲು ಇಳಿಯುತ್ತಿದ್ದರು. ಪುಟ್ಟತಾಯಮ್ಮ ಹೊಸ್ತಿಲು ದಾಟಿ ಜಗಲಿಗೆ ಬಂದು ನಿಂತು ಏನೋ ಹೇಳಿದರು. ಅದೇ ಹೊತ್ತಿಗೆ ಕಲ್ಲು ತುಂಬಿದ ಲಾರಿಯೊಂದು ಮನೆಯ ಮುಂದೆಯೇ ಗುಡುಗಿಕೊಂಡು ಹಾದುಹೋಯಿತು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. "ನೀನ್ ಒಳೀಕ್ ನಡಿ," ಎಂದು ಗೌಡರು ಗದರಿದ್ದು ಮಾತ್ರ ಕೇಳಿಸಿತು.

"ಲಾರಿ ಸದ್ದಲ್ಲಿ ನಿಮ್ಮ ಮಾತು ಕೇಳಿಸ್ಲಿಲ್ಲ ಕಣಮ್ಮ," ಎಂದರು ಮೇಡಂ. "ಇನ್ನೊಂದ್ಸಲ ಹೇಳಿ."

ಪುಟ್ಟತಾಯಮ್ಮ ಲಾರಿ ತಿರುವು ದಾಟುವವರೆಗೆ ಕಾದರು. ಧೂಳು ಇಳಿಯಿತು. ಗಂಡನ ಕಡೆ ನೋಡದೆ, ತಲೆಯ ಮೇಲಿನ ಗಾರೆಯನ್ನು ಸೆರಗಿನಿಂದ ಕೊಡವಿಕೊಂಡು, ಮೊದಲಿಗಿಂತ ಗಟ್ಟಿಯಾಗಿ ಹೇಳಿದರು:

"ನಮ್ಮನೇನೂ ಅಲ್ಲಾಡ್ತು ಸಾಮಿ. ಒಳೀಕ್ ಬಂದು ನೋಡಿ."